ಕಪ್ಪು ಕನ್ನಡಕದ ಕಾಲೇಜು

ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಿದವನ ಹತ್ತಿರ ಬೇರೇನೂ ಉಳಿಯದಿದ್ದರೂ ಪ್ರಸಂಗಗಳು ಉಳಿಯುತ್ತವೆ. ಒಂದನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ನಡೆದಿರುತ್ತದೆ. ಇವೆಲ್ಲ ಎಂಬತ್ತರ ದಶಕದ ಮೊದಲಲ್ಲಿ, ಊರೂರಿಗೂ ಕಣ್ಣು ಬೇನೆ ಹಬ್ಬಿದ ಒಂದೇ ಮಳೆಗಾಲದಲ್ಲಿ ನಡೆದವು. ಪೇಟೆಯವರು ಅದನ್ನು 'ಮದ್ರಾಸ್ ಐ' ಎನ್ನುತ್ತಿದ್ದರು. ನಮ್ಮ ಕಡೆ 'ಕಣ್ಣು ಬಂದದೆ' ಅಂದರೆ ಸಾಕಿತ್ತು, ಎದುರಿಗಿದ್ದವರು ಎದ್ದು ಓಡುತ್ತಿದ್ದರು.

ನಮ್ಮ ಕಾಲೇಜು ತರೀಕೆರೆಯಲ್ಲಿ, ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯಲ್ಲಿತ್ತು. ಯಂತ್ರಗಳನ್ನು ತೆಗೆದು ಬೆಂಚು ಹಾಕಿದ್ದರು. ಜೋರಾಗಿ ಪಾಠ ಮಾಡಿದರೆ ಆಗಲೂ ಮೇಲಿನಿಂದ ಹೊಟ್ಟು ಉದುರುತ್ತಿತ್ತು. ಹಾಗಾಗಿ ಯಾರೂ ಜೋರಾಗಿ ಪಾಠ ಮಾಡುತ್ತಿರಲಿಲ್ಲ. ಕಾಲೇಜಿನ ಕಾರ್ಯದರ್ಶಿಗಳು ಕೊಬ್ಬರಿ ಮಂಡಿಯ ಸಾಹುಕಾರರು. ಗಿರಣಿಯೂ ಅವರದೇ, ಕಾಲೇಜೂ ಅವರದೇ. ವಿಶ್ವವಿದ್ಯಾನಿಲಯ ಮಾತ್ರ ಅವರದಲ್ಲ, ಅದೇ ತೊಂದರೆ. ಅಲ್ಲಿಂದ ವರ್ಷ ವರ್ಷವೂ ಸಮಿತಿ ಬಂದು ನೋಡಿ, ಮುಂದಿನ ವರ್ಷಕ್ಕೆ ಅನುಮತಿ ಕೊಡಬೇಕು. ಹುಡುಗರು ಕಡಿಮೆ ಕಂಡರೆ ಬಾಗಿಲು ಹಾಕಿಸುತ್ತಾರೆ. ಬಾಗಿಲು ಹಾಕಿದರೆ ಅರ್ಥಶಾಸ್ತ್ರದ ಉಪನ್ಯಾಸಕನಾದ ನಾನು ಊರಿಗೆ ಹೋಗಿ ಎಮ್ಮೆ ಕಾಯಬೇಕು. ನಮ್ಮ ಮನೆಯಲ್ಲಿ ಎಮ್ಮೆಯೂ ಇರಲಿಲ್ಲ.

ಮುಖ ನೋಡಬಾರದು

ಬೇನೆ ಮೊದಲು ಬಂದದ್ದು ಕಡೂರಿನಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗರಿಗೆ. ಕಣ್ಣು ಬಂದವರ ಕಣ್ಣು ನೋಡಿದರೆ ನಮಗೂ ಬರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ನಮ್ಮ ಪ್ರಿನ್ಸಿಪಾಲರು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದರು. ಮರುದಿನವೇ ಆಜ್ಞೆ ಹೊರಟಿತು: ಕಾಲೇಜಿನ ಆವರಣದಲ್ಲಿ ಯಾರೂ ಯಾರ ಮುಖವನ್ನೂ ನೋಡಕೂಡದು.

ಆಜ್ಞೆಯನ್ನು ತಾವೇ ಮೊದಲು ಪಾಲಿಸಬೇಕೆಂದು ಅವರು ನೆಲ ನೋಡಿಕೊಂಡು ನಡೆಯತೊಡಗಿದರು. ಹೀಗೆ ನಡೆಯುತ್ತ ಒಂದು ದಿನ ವರಾಂಡದಲ್ಲಿ ಒಂದು ದೊಡ್ಡ ಹೊಟ್ಟೆಗೆ ಢಿಕ್ಕಿ ಹೊಡೆದರು.

"ಯಾರ್ರೀ ಅದು, ಕಾಲೇಜ್ ಟೈಮಲ್ಲಿ ಅಡ್ಡ ನಿಂತಿರೋದು?"

"ನಾನು ಕಣ್ರೀ, ಕಾರ್ಯದರ್ಶಿ."

"ಮುಖ ನೋಡ್ದೆ ಹೆಂಗ್ರೀ ನಂಬೋದು?"

"ನೋಡ್ರಿ ಮತ್ತೆ, ಯಾರು ಬ್ಯಾಡ ಅಂದ್ರು?"

"ನೋಡಂಗಿಲ್ಲ, ಆರ್ಡರ್ ಆಗದೆ."

"ಯಾವನ್ರೀ ಆರ್ಡರ್ ಮಾಡಿದ್ದು?"

"ನಾನೇ."

ಸಾಹುಕಾರರು ಪ್ರಿನ್ಸಿಪಾಲರ ಕೈಯನ್ನು ಹಿಡಿದು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು. ಪ್ರಿನ್ಸಿಪಾಲರು ಒಮ್ಮೆ ಮೇಲಿಂದ ಕೆಳಗೆ ಸವರಿ ನೋಡಿ, "ನಮಸ್ಕಾರ ಸಾಹುಕಾರ್ರೇ, ಯಾವಾಗ ಬಂದ್ರಿ?" ಎಂದರು.

ಬೆಂಚುಗಳ ದಿಕ್ಕು

ಮುಖ ನೋಡದೆ ಪಾಠ ಮಾಡುವುದು ಹೇಗೆ? ಪ್ರಿನ್ಸಿಪಾಲರು ಅದಕ್ಕೂ ದಾರಿ ಹುಡುಕಿದರು. ಎಲ್ಲ ಬೆಂಚುಗಳನ್ನೂ ತಿರುಗಿಸಿ ಹಾಕಿಸಿದರು. ಹುಡುಗರು ಹಿಂದಿನ ಗೋಡೆಗೆ ಮುಖ ಮಾಡಿ ಕೂರಬೇಕು. ನಾವು ಕರಿಹಲಗೆಗೆ ಮುಖ ಮಾಡಿ ಪಾಠ ಹೇಳಬೇಕು. ಹಾಜರಿ ಕರೆದರೆ ಬೆನ್ನ ಹಿಂದಿನಿಂದ ದನಿ ಬರುತ್ತಿತ್ತು. ಕೆಲವೊಮ್ಮೆ ಬೆಂಚಿಗೆ ಬೆಂಚೇ ಒಬ್ಬನ ದನಿಯಲ್ಲಿ 'ಎಸ್ ಸಾರ್' ಅನ್ನುತ್ತಿತ್ತು. ನೆಗಡಿ ಇದ್ದರೆ ಎಲ್ಲರಿಗೂ ಒಟ್ಟಿಗೆ ನೆಗಡಿ ಇರುತ್ತಿತ್ತು.

ಗಿರಣಿಯ ಹಿಂದಿನ ಗೋಡೆಯಲ್ಲಿ ಭತ್ತದ ಗಾಡಿ ಒಳಗೆ ಬರಲೆಂದು ಮಾಡಿದ ದೊಡ್ಡ ಬಾಗಿಲಿತ್ತು. ಈಗ ಹುಡುಗರ ಮುಖ ನೇರವಾಗಿ ಆ ಬಾಗಿಲಿಗೇ ಇತ್ತು. ಇದನ್ನು ಯಾರೂ ಯೋಚಿಸಿರಲಿಲ್ಲ.

ಒಂದು ದಿನ ನಾನು ಬೇಡಿಕೆ ಮತ್ತು ಪೂರೈಕೆಯ ಬಗ್ಗೆ ಬಹಳ ಚೆನ್ನಾಗಿ ಪಾಠ ಮಾಡಿದೆ. ನನಗೇ ತೃಪ್ತಿಯಾಗಿತ್ತು. ಒಂದು ಕೆಮ್ಮಿಲ್ಲ, ಗುಸುಗುಸು ಇಲ್ಲ. ಇಂಥ ಶಿಸ್ತು ಈ ಕಾಲೇಜಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಕೊನೆಗೆ ಹಲಗೆಗೇ ಮುಖ ಮಾಡಿಕೊಂಡು, "ಯಾರಿಗಾದರೂ ಅನುಮಾನ ಇದೆಯೇ?" ಎಂದೆ.

"ಇಲ್ಲ ಸಾ," ಎಂದಿತು ಒಂದು ದನಿ.

ದನಿ ವಯಸ್ಸಾದವರದು. ಆಜ್ಞೆ ಮೀರಿ ತಿರುಗಿ ನೋಡಿದೆ. ಬೆಂಚುಗಳೆಲ್ಲ ಖಾಲಿ. ಕೊನೆಯ ಬೆಂಚಿನಲ್ಲಿ ನಮ್ಮ ಜವಾನ ಪೊರಕೆ ಹಿಡಿದು ಕೂತಿದ್ದ.

"ಹುಡುಗ್ರೆಲ್ಲಯ್ಯ?"

"ಅವ್ರು ಹಾಜ್ರಿ ಕೂಗಿದ್ ಕೂಡ್ಲೇ ಹೋದ್ರಲ್ಲ ಸಾ."

"ಮತ್ತೆ ಆಗ್ಲೇ ಹೇಳೋದಲ್ವೇನೋ!"

"ನೀವು ಅಷ್ಟು ಚೆನ್ನಾಗ್ ಹೇಳ್ತಿದ್ರಿ. ಮಧ್ಯದಲ್ಲಿ ಬಾಯಿ ಹಾಕದು ಸರಿಯಲ್ಲ ಅಂತ ಹಂಗೇ ಮಲಗ್ಬಿಟ್ಟೆ."

ಈ ಸಲ ನಿಜವಾದದ್ದು

ಬೆಂಚು ತಿರುಗಿಸಿದ್ದರಿಂದ ಬೇನೆಯೇನೂ ಕಡಿಮೆಯಾಗಲಿಲ್ಲ. ಕೊನೆಗೆ ಪ್ರಿನ್ಸಿಪಾಲರು, ಕಣ್ಣು ಕೆಂಪಗಿದ್ದವರು ಬೆಳಿಗ್ಗೆಯೇ ತೋರಿಸಿ ರಜೆ ಪಡೆದು ಹೋಗಬಹುದು ಎಂದು ಹೊಸ ಆಜ್ಞೆ ಹೊರಡಿಸಿದರು. ಮರುದಿನ ಇಡೀ ಬಿ.ಎ. ತರಗತಿಯ ಕಣ್ಣುಗಳು ದಾಸವಾಳದ ಹಾಗಿದ್ದವು.

ಕಣ್ಣು ಪರೀಕ್ಷಿಸುವ ಕೆಲಸ ಕೆಮಿಸ್ಟ್ರಿ ಮೇಷ್ಟ್ರ ಪಾಲಿಗೆ ಬಂತು. ಅವರದು ಎಲ್ಲವನ್ನೂ ಹತ್ತಿರದಿಂದ ನೋಡಿ, ಮೂಸಿ ನೋಡುವ ಸ್ವಭಾವ. ಮೊದಲನೆಯ ಹುಡುಗನ ಕಣ್ಣಿನ ಹತ್ತಿರ ಮೂಗು ತಂದವರೇ, "ಇದು ಬೇನೆ ಅಲ್ರೀ, ಈರುಳ್ಳಿ!" ಎಂದು ಕೂಗಿದರು. ಆದರೂ ಬಿಡದೆ ಸಾಲಾಗಿ ಎಲ್ಲರ ಕಣ್ಣನ್ನೂ ಮೂಸಿದರು. ಸಾಲು ಮುಗಿಯುವ ಹೊತ್ತಿಗೆ ಅವರ ಕಣ್ಣಲ್ಲಿ ಧಾರಾಕಾರ ನೀರು. ಅದೇ ಸ್ಥಿತಿಯಲ್ಲಿ ವರದಿ ಒಪ್ಪಿಸಲು ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರು ಅವರನ್ನು ಕಂಡದ್ದೇ ಕುರ್ಚಿಯಿಂದ ಎದ್ದು ಗೋಡೆಗೆ ತಿರುಗಿ ನಿಂತು, "ನಿಮಗೂ ರಜೆ ಕೊಟ್ಟಿದೀನಿ, ಹೊರಡ್ರಿ, ಹೊರಡ್ರಿ!" ಎಂದು ಕಿರುಚಿದರು. ವರದಿ ಕೇಳುವವರೇ ಇಲ್ಲ.

ಹುಡುಗರು ಒಳ್ಳೆಯವರು. ರಜೆ ಸಿಕ್ಕ ಮೇಷ್ಟ್ರನ್ನು ಬಿಟ್ಟು ಹೋಗಲಿಲ್ಲ. ಎಲ್ಲರೂ ಸೇರಿ ಕೆಮ್ಮಣ್ಣುಗುಂಡಿಗೆ ಹೋದರು. ಅಲ್ಲಿಂದ ಹೆಬ್ಬೆ ಜಲಪಾತಕ್ಕೆ ಇಳಿದರು. ಅವಸರದಲ್ಲಿ ಹೊರಟವರು ಟವಲ್ ತಂದಿರಲಿಲ್ಲ. ತಂದಿದ್ದವನು ಕಡೂರಿನವನೊಬ್ಬನೇ. ನೀರಿನಿಂದ ಎದ್ದು ಬಂದವರೆಲ್ಲ ಅವನ ಟವಲಿನಲ್ಲೇ ಮುಖ ಒರೆಸಿಕೊಂಡರು. ಈರುಳ್ಳಿ ಹಚ್ಚದೆ ಕಣ್ಣು ಕೆಂಪಾಗಿದ್ದವನು ಇಡೀ ಗುಂಪಿನಲ್ಲಿ ಅವನೊಬ್ಬನೇ ಎಂಬುದು ಆಮೇಲೆ ಗೊತ್ತಾಯಿತು.

ವಾರ ಕಳೆಯುವುದರೊಳಗೆ ತರಗತಿಗೆ ತರಗತಿಯೇ ಹಾಸಿಗೆ ಹಿಡಿಯಿತು. ಕೆಮಿಸ್ಟ್ರಿ ಮೇಷ್ಟ್ರು ಮನೆಯಿಂದ ಮತ್ತೆ ರಜೆ ಚೀಟಿ ಕಳಿಸಿದರು. ಒಂದೇ ಬೇನೆಗೆ ಎರಡು ಸಲ ರಜೆ ಹೇಗೆ ಕೊಡುವುದು ಎಂದು ಪ್ರಿನ್ಸಿಪಾಲರು ಕೇಳಿ ಕಳಿಸಿದರು. ಚೀಟಿ ತಂದಿದ್ದ ಜವಾನ ಮೇಷ್ಟ್ರ ಉತ್ತರವನ್ನು ಬಾಯಲ್ಲೇ ಒಪ್ಪಿಸಿದ: "ಹೋದ್ ಸಲದ್ದು ಪ್ರಾಕ್ಟಿಕಲ್ ಅಂತೆ ಸಾ, ಈ ಸಲದ್ದು ಪರೀಕ್ಷೆ ಅಂತೆ."

ಹೆಣ್ಣು ನೋಡಿದ್ದು

ಇದರ ಮಧ್ಯೆ ನನಗೊಂದು ಹೆಣ್ಣು ಗೊತ್ತು ಮಾಡಿದರು. ಹುಡುಗಿಯ ಊರು ಅಜ್ಜಂಪುರ. ನೋಡುವ ಶಾಸ್ತ್ರದ ದಿನ ಗೊತ್ತಾದ ಮೇಲೆ ನನಗೂ ಕಣ್ಣು ಬಂತು. ದಿನ ಬದಲಾಯಿಸೋಣ ಎಂದೆ. "ಅಲ್ಲಿ ಎಲ್ಲರಿಗೂ ಬಂದದಂತೆ ಕಣೋ, ನೀನೊಬ್ಬ ಹೆಚ್ಚಲ್ಲ, ಹೊರಡು," ಎಂದರು ನಮ್ಮಮ್ಮ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಪ್ಪು ಕನ್ನಡಕ ಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಡ್ರೈವರಿಗೂ ಕಪ್ಪು ಕನ್ನಡಕ ಇತ್ತು. ಅವನ ಕಣ್ಣು ಹೇಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹೆಣ್ಣಿನ ಮನೆಯಲ್ಲಿ ಚಾಪೆಯ ಮೇಲೆ ಕೂತವರೆಲ್ಲ ಕಪ್ಪು ಕನ್ನಡಕದವರೇ. ಮಾವನಾಗಬೇಕಾದವರು ಮಾತ್ರ ಮುಖದ ತುಂಬ ಅರಿಶಿನದ ಒದ್ದೆ ಬಟ್ಟೆ ಹಾಕಿಕೊಂಡು ಗೋಡೆಗೆ ಒರಗಿದ್ದರು. ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಸ್ಥರು, ಬೇನೆ ಮನೆಗೆ ತಂದವರೇ ಅವರಂತೆ.

ಹುಡುಗಿ ಕಾಫಿ ತಂದಳು. ಅವಳಿಗೂ ಕಪ್ಪು ಕನ್ನಡಕ, ಅದೂ ಅವಳ ಸೋದರಮಾವನದು, ಕೆನ್ನೆಯವರೆಗೂ ಇಳಿದಿತ್ತು. ಮೊದಲ ಲೋಟವನ್ನು ಕಂಬದ ಮುಂದೆ ಹಿಡಿದು ಸ್ವಲ್ಪ ಹೊತ್ತು ಕಾದಳು. ಕಂಬ ತೆಗೆದುಕೊಳ್ಳಲಿಲ್ಲ. ನಾನು ಇತ್ತ ಕೈಚಾಚಿ ಗಾಳಿಯಲ್ಲಿ ತಡಕುತ್ತಿದ್ದೆ. ಆಗ ಮೆಲ್ಲಗೆ ಒಂದು ದನಿ, "ಸ್ವಲ್ಪ ಎಡಕ್ಕೆ... ಇನ್ನೊಂಚೂರು ಮುಂದೆ... ಹಾಂ, ಬಿಸಿ ಅದೆ, ನೋಡ್ಕೊಂಡು," ಎಂದಿತು. ನಿಜ ಹೇಳುತ್ತೇನೆ, ಆ ದನಿಗೇ ನಾನು ಸೋತುಹೋದೆ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿರ್ಧಾರ ಮಾಡಿಬಿಟ್ಟೆ.

ಆದರೆ ಬಟ್ಟೆಯೊಳಗಿನಿಂದ ಮಾವನವರ ಮಾತು ಬಂತು. "ಹುಡುಗ ಒಪ್ಪಿಗೆ. ಕೆಲ್ಸ ಒಪ್ಪಿಗೆ ಇಲ್ಲ. ನನ್ ತಮ್ಮನೂ ಕಾಲೇಜಲ್ಲೇ ಇರೋನು, ಅವನದು ಖಾಯಂ. ನಿಮ್ದು ವರ್ಷ ವರ್ಷ ಉಳೀತದೋ ಹೋಯ್ತದೋ ಅಂತ ಕಾಯೋದು. ಈ ಸಲ ಕಾಲೇಜು ಗಟ್ಟಿಯಾಗಿ ನಿಲ್ಲಲಿ, ಲಗ್ನ ಇಟ್ಕಳಣ. ನಿಲ್ಲಲಿಲ್ವಾ, ಕಾಫಿ ಕುಡಿದ್ರಲ್ಲ, ಅಷ್ಟಕ್ಕೇ ಸರಿ."

ಸಮಿತಿ ಬರುವ ದಿನ ಹತ್ತಿರ ಬಂದಿತ್ತು, ಕಾಲೇಜಿನಲ್ಲಿ ಹುಡುಗರೇ ಇರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಮ್ಮಮ್ಮ, "ಹುಡುಗಿ ಹೆಂಗಿದಾಳೋ? ನಂಗೂ ಸರಿಯಾಗ್ ಕಾಣ್ಲಿಲ್ಲ," ಎಂದರು.

"ಗೊತ್ತಿಲ್ಲಮ್ಮ. ಆದ್ರೆ ಅವಳೇ ಆಗ್ಬೇಕು," ಎಂದೆ.

ಎರವಲು ವಿದ್ಯಾರ್ಥಿಗಳು

ಸಮಿತಿಯನ್ನು ಮುಂದಕ್ಕೆ ಹಾಕಿಸಲು ಪ್ರಿನ್ಸಿಪಾಲರು ಪ್ರಯತ್ನಪಟ್ಟರು. ಆಗಲಿಲ್ಲ. ನಾನು ಸಾಹುಕಾರರ ಮಂಡಿಗೆ ಹೋಗಿ, ಕಾಲೇಜು ಹೋದರೆ ನನ್ನ ಮದುವೆಯೂ ಹೋಗುತ್ತದೆ ಎಂದು ಅಂಗಲಾಚಿದೆ. ಅವರು ಎಲೆ ಅಡಿಕೆ ಅಗಿಯುತ್ತ, ಅಂಗಳದಲ್ಲಿ ಚೀಲ ಹೊರುತ್ತಿದ್ದ ಹಮಾಲಿಗಳನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ಕಪ್ಪು ಕನ್ನಡಕ ಹಾಕಿದ್ರೆ ಯಾರು ಬಿ.ಎ., ಯಾರು ಹಮಾಲಿ ಅಂತ ಯಾರಿಗ್ರೀ ಗೊತ್ತಾಗ್ತದೆ?"

ಸಮಿತಿಯ ದಿನ ಬೆಂಚು ತುಂಬ ವಿದ್ಯಾರ್ಥಿಗಳು. ಎಲ್ಲರಿಗೂ ಬಿಳಿ ಷರಟು, ಕಪ್ಪು ಕನ್ನಡಕ. ಅವರು ಕೂತ ಬೆಂಚುಗಳು ನೋವಿನಿಂದ ಕಿರುಗುಟ್ಟುತ್ತಿದ್ದವು. ಬೇನೆ ಹೋಗಿದ್ದ ನಾಲ್ಕಾರು ನಿಜವಾದ ಹುಡುಗರು ಮುಂದಿನ ಬೆಂಚಿನಲ್ಲಿ ಎಳೆ ಸೌತೆಕಾಯಿಗಳ ಹಾಗೆ ಕಾಣುತ್ತಿದ್ದರು.

ಸಮಿತಿಯಲ್ಲಿ ಇಬ್ಬರು, ಒಬ್ಬ ಅಧ್ಯಕ್ಷರು, ಒಬ್ಬ ಸದಸ್ಯರು. ಇಬ್ಬರೂ ಬೇರೆ ಬೇರೆ ಊರಿನವರು, ಒಬ್ಬರನ್ನೊಬ್ಬರು ಮೊದಲು ಕಂಡವರಲ್ಲ. ಸದಸ್ಯರು ರೈಲಿನಲ್ಲಿ ಕಡೂರಿಗೆ ಬಂದರು, ಅಲ್ಲಿಂದ ಸಾಹುಕಾರರ ಜೀಪಿನಲ್ಲಿ ಕರೆತಂದೆವು. ಅಧ್ಯಕ್ಷರು ಅಜ್ಜಂಪುರದ ಬಸ್ಸಿನಲ್ಲಿ ತಾವೇ ಬಂದಿಳಿದರು. ಕೋಟು, ಟೈ, ದೊಡ್ಡ ಕಪ್ಪು ಕನ್ನಡಕ. ಅಧ್ಯಕ್ಷರಾಗಿಯೂ ಬಸ್ಸಿನಲ್ಲಿ ಬಂದರಲ್ಲ ಎಂದು ಅವರ ಸರಳತೆಯನ್ನು ಎಲ್ಲರೂ ಕೊಂಡಾಡಿದರು. ಅವರು ಏನು ಹೇಳಿದರೂ "ಹೂಂ" ಅನ್ನುತ್ತಿದ್ದರು. ದೊಡ್ಡ ಮನುಷ್ಯರು ಮಾತು ಕಡಿಮೆ ಆಡುತ್ತಾರೆ ಎಂದುಕೊಂಡೆ.

ಸದಸ್ಯರಿಗೆ ಬೇನೆಯ ಭಯ ವಿಪರೀತ. ತರಗತಿಯೊಳಗೆ ಕಾಲಿಟ್ಟವರೇ, ಎಲ್ಲರ ಕನ್ನಡಕ ಕಂಡು ಕತ್ತು ಮೇಲಕ್ಕೆತ್ತಿದವರು ಇಳಿಸಲೇ ಇಲ್ಲ. ಇಡೀ ಕಾಲೇಜನ್ನು ಅವರು ಮೇಲಿನ ಹೆಂಚು ನೋಡಿಕೊಂಡೇ ಪರಿಶೀಲಿಸಿದರು. ಹಾಗೆಯೇ ಒಬ್ಬ ವಿದ್ಯಾರ್ಥಿಯನ್ನು ಪ್ರಶ್ನೆ ಕೇಳಿದರು.

"ಏನಪ್ಪಾ, ನಿನ್ನ ವಿಷಯ ಯಾವುದು?"

"ಕೊಬ್ರಿ, ಸಾಮಿ."

ಮದುವೆ ಮುರಿದೇ ಹೋಯಿತು ಎಂದುಕೊಂಡೆ. ಪ್ರಿನ್ಸಿಪಾಲರು ತಕ್ಷಣ, "ಸ್ಥಳೀಯ ವಾಣಿಜ್ಯ ಅಂತ ಒಂದು ವಿಶೇಷ ಅಧ್ಯಯನ ಸಾರ್," ಎಂದರು. ಸದಸ್ಯರು ಹೆಂಚುಗಳ ಕಡೆ ತಲೆಯಾಡಿಸಿ ಮೆಚ್ಚುಗೆ ಸೂಚಿಸಿದರು.

ಅಧ್ಯಕ್ಷರ ಪರಿಶೀಲನೆ ಬೇರೆ ರೀತಿ. ಅವರು ಪುಸ್ತಕ ನೋಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಒಂದು ಕೈಯನ್ನು ಕೋಟಿನೊಳಗೇ ಇಟ್ಟುಕೊಂಡು ಬೆಂಚುಗಳ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಒಬ್ಬನ ಬೆನ್ನು ತಟ್ಟಿದರು. ಇನ್ನೊಬ್ಬನ ತೋಳನ್ನು ಒತ್ತಿ ನೋಡಿದರು. ಮತ್ತೊಬ್ಬನನ್ನು ಎದ್ದು ನಾಲ್ಕು ಹೆಜ್ಜೆ ನಡೆಯುವಂತೆ ಸನ್ನೆ ಮಾಡಿ, ನಡಿಗೆ ನೋಡಿ, "ಹೂಂ" ಎಂದರು. ಅವರ ಮುಖದಲ್ಲಿ ಪೂರ್ಣ ಸಮಾಧಾನ.

ಕೆಮಿಸ್ಟ್ರಿ ಮೇಷ್ಟ್ರು ನನ್ನ ಕಿವಿಯಲ್ಲಿ, "ಇವರದು ದೈಹಿಕ ಶಿಕ್ಷಣ ವಿಭಾಗ ಇರಬೇಕು," ಎಂದರು.

ಶಾಲಿನ ಒಳಗೆ

ಕೊನೆಗೆ ಸನ್ಮಾನ. ಸದಸ್ಯರ ಕೊರಳಿಗೆ ಹಾರ ಹಾಕುವುದು ಸುಲಭವಾಯಿತು, ಕತ್ತು ಮೇಲೇ ಇತ್ತಲ್ಲ. ಅಧ್ಯಕ್ಷರಿಗೆ ಸಾಹುಕಾರರು ಶಾಲು ಹೊದಿಸಲು ನಿಂತರು. ಹೊದಿಸುವಾಗ ಬಗ್ಗಿ, "ವರ್ಷ ವರ್ಷ ಅಲೆದಾಡಿಸಬ್ಯಾಡಿ ಸ್ವಾಮಿ, ಒಂದೇ ಸಲ ನಾಕು ದಿನಕ್ಕಾಗೋ ಹಂಗೆ ಕೊಡಿ," ಎಂದರು.

ಹೊದಿಸಿದ ಶಾಲಿನ ಅಂಚು ಇಬ್ಬರ ಕೈಗಳ ಮೇಲೂ ಬಿದ್ದಿತ್ತು. ಸಾಹುಕಾರರು ಕೈ ತೆಗೆಯಲಿಲ್ಲ. ಅಧ್ಯಕ್ಷರೂ ಬಿಡಲಿಲ್ಲ. ಶಾಲು ಅತ್ತ ಇತ್ತ ಅಲುಗಿತು. ಸಾಹುಕಾರರ ಹುಬ್ಬು ಮೇಲೇರಿತು. ಅಧ್ಯಕ್ಷರು ತಲೆ ಅಡ್ಡಡ್ಡ ಆಡಿಸಿದರು. ಶಾಲು ಮತ್ತೆ ಅಲುಗಿತು. ತಟ್ಟೆ ಹಿಡಿದು ನಿಂತು ನಿಂತು ನನ್ನ ಕೈ ಸೋತಿತು. ಕಡೆಗೆ ಅಧ್ಯಕ್ಷರು ಕೈಯನ್ನು ಒಮ್ಮೆ ಜೋರಾಗಿ ಕೆಳಕ್ಕೆ ಜಗ್ಗಿ ಬಿಟ್ಟರು. ಸಾಹುಕಾರರು ಬೆವರಿಹೋಗಿದ್ದರು.

ಸಮಿತಿ ಹೊರಟ ಮೇಲೆ ಸಾಹುಕಾರರು ನನ್ನನ್ನು ಮೂಲೆಗೆ ಎಳೆದರು. "ಮೇಷ್ಟ್ರೇ, ಇವ್ರು ಪ್ರೊಫೆಸರ್ ಏನ್ರೀ? ಶಾಲಿನೊಳಗೆ ಕೈ ಸಿಕ್ಕಿದ್ದೇ ತಡ, ಬೆರಳು ಹಿಡಿದ್ರು!"

ನಮ್ಮ ಕಡೆಯ ಮಂಡಿಯಲ್ಲಾಗಲಿ, ದನದ ಸಂತೆಯಲ್ಲಾಗಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೈಯ ಮೇಲೆ ಟವಲ್ ಹಾಕಿ, ಅದರೊಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳೋ ಅಷ್ಟು ಲೆಕ್ಕ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಕೈ ಜಗ್ಗಿ ಬಿಟ್ಟರೆ ವ್ಯಾಪಾರ ಮುಗಿದಂತೆ, ಆಮೇಲೆ ಯಾರೂ ಮಾತು ತಪ್ಪುವಂತಿಲ್ಲ.

"ನಾನು ಎರಡು ಬೆರಳು ಹಿಡಿದೆ, ಎರಡು ವರ್ಷ ಕೊಡಿ ಅಂತ. ತಲೆ ಆಡ್ಸಿದ್ರು. ಜಾಸ್ತಿ ಆಯ್ತೇನೋ ಅಂತ ಒಂದಕ್ಕೆ ಇಳಿದೆ. ಅವ್ರು ಮೂರು ಹಿಡಿದ್ರು! ನಾಕು ಹಿಡಿದ್ರು! ಕಡೆಗೆ ಐದೂ ಬೆರಳು ಒಟ್ಟಿಗೆ ಅಮುಕಿ ಜಗ್ಗಿಬಿಟ್ರು. ಕೊಡೋ ಮನುಷ್ಯನೇ ಏರಿಸ್ಕೊಂಡು ಹೋಗೋದನ್ನ ನನ್ ಜನ್ಮದಲ್ಲಿ ಕಂಡಿಲ್ಲ ಕಣ್ರೀ!"

ನಾನು ನಂಬಲಿಲ್ಲ. ಆದರೆ ಅನುಮತಿ ಬಂದೇ ಬಂತು, ಐದು ವರ್ಷಕ್ಕೆ. ಜೊತೆಗೆ ಸದಸ್ಯರು, ಕಾಲೇಜಿನ ಹೆಂಚುಗಳು ಅತ್ಯುತ್ತಮ ಸ್ಥಿತಿಯಲ್ಲಿವೆ ಎಂದು ಪ್ರತ್ಯೇಕವಾಗಿ ಶ್ಲಾಘಿಸಿದ್ದರು. ನಾನು ಗಿರಣಿಯ ಅಂಗಳದಲ್ಲಿ ಕುಣಿದೆ. ಅಜ್ಜಂಪುರದಿಂದ ಲಗ್ನಕ್ಕೆ ಒಪ್ಪಿಗೆಯೂ ಬಂತು.

ಮದುವೆಯ ಹೊತ್ತಿಗೆ ಬೇನೆ ಹೋಗಿತ್ತು. ಮಂಟಪದಲ್ಲಿ ಹುಡುಗಿಯ ಮುಖವನ್ನು ಮೊದಲ ಸಲ ನೋಡಿದೆ. ದನಿಗಿಂತ ಚೆನ್ನಾಗಿತ್ತು. ಅವಳು ನನ್ನನ್ನು ನೋಡಿ, "ಕನ್ನಡಕ ಇದ್ದಿದ್ರೂ ನಡೀತಿತ್ತು," ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಸಾಹುಕಾರರು ಉಡುಗೊರೆ ಹಿಡಿದು ಬಂದರು. ಪಂಚೆ, ಪೇಟದಲ್ಲಿದ್ದ ಮಾವನವರು ಎದುರು ಹೋಗಿ, ಹೆಗಲ ಮೇಲಿನ ಶಲ್ಯವನ್ನು ಸಾಹುಕಾರರ ಕೈಯ ಮೇಲೆ ಹೊದಿಸಿ ಒಳಗೆ ಕೈ ಹಾಕಿದರು. ಸಾಹುಕಾರರು ಬೆಚ್ಚಿಬಿದ್ದರು.

"ಈ ಹಿಡಿತ... ಅಧ್ಯಕ್ಷರೇ! ನೀವಾ?"

ಪಕ್ಕದಲ್ಲಿ ನಿಂತಿದ್ದ ಮಾವನವರ ತಮ್ಮ, ನಿಜವಾದ ಪ್ರೊಫೆಸರು, ನಾಚಿಕೊಂಡು ಮುಂದೆ ಬಂದರು. "ಅಧ್ಯಕ್ಷ ನಾನು. ಹಿಂದಿನ ದಿನ ಅಣ್ಣನ ಮನೇಲಿ ಉಳಿದೆ, ನಂಗೂ ಕಣ್ಣು ಬಂತು. ನಂದಿಬಟ್ಟಲು ಹೂವು ಕಣ್ಣಿನ ಮೇಲೆ ಇಟ್ಕೊಂಡು ಮಲಗಿದ್ದೆ. ಎದ್ದು ನೋಡಿದ್ರೆ ನನ್ ಕೋಟಿಲ್ಲ, ಅಣ್ಣನೂ ಇಲ್ಲ. ಸಂಜೆ ಬಂದು, ಐದು ವರ್ಷಕ್ಕೆ ಕೈ ಕೊಟ್ಟು ಬಂದಿದೀನಿ ಕಣೋ, ನನ್ ಮರ್ಯಾದೆ ಉಳಿಸು ಅಂದ್ರು. ಏನ್ ಮಾಡ್ಲಿ?"

ಮಾವನವರು ನನ್ನ ಕಡೆ ನೋಡಿ, "ಮಗಳು ಅವತ್ತಿಂದ ಊಟ ಬಿಟ್ಟಿದ್ಲು ಕಣಪ್ಪಾ. ನಿಮ್ ಕಾಲೇಜು ನಿಲ್ಲೋವರ್ಗೂ ಕಾಯ್ತಾ ಕೂರಕಾಗ್ತದಾ? ನಾನೇ ಹೋಗಿ ನಿಲ್ಸಿದೆ," ಎಂದರು.

ಸಾಹುಕಾರರು ಮಾತ್ರ ಇನ್ನೂ ವ್ಯಾಪಾರದಲ್ಲೇ ಇದ್ದರು. ಶಲ್ಯದೊಳಗಿನ ಕೈ ಬಿಡದೆ ಕೇಳಿದರು: "ಅಲ್ಲಾ ಸ್ವಾಮಿ, ಅಳಿಯನ ಮೇಲೆ ಅಷ್ಟು ಪ್ರೀತಿ ಇದ್ದೋರು ಐದಕ್ಕೇ ಯಾಕ್ ನಿಲ್ಸಿದ್ರಿ? ಇನ್ನೊಂದು ಕೈನೂ ತಂದು ಹತ್ತು ವರ್ಷ ಮಾಡ್ಬೌದಿತ್ತಲ್ಲ!"

"ಹೆಂಗ್ ತರ್ಲಿ ಕಣ್ರೀ?" ಎಂದರು ಮಾವನವರು. "ತಮ್ಮನ ಪ್ಯಾಂಟು ನಂಗೆ ದೊಡ್ಡದು. ಆ ಕೈ ಬಿಟ್ಟಿದ್ರೆ ನಿಮ್ ಕಾಲೇಜೂ ಹೋಗ್ತಿತ್ತು, ವಿಶ್ವವಿದ್ಯಾನಿಲಯದ ಮಾನನೂ ಹೋಗ್ತಿತ್ತು!"